ಅಕ್ಕಿ ಡಬ್ಬ ಮತ್ತು ಅಪ್ಪನ ಫೋನ್

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ ನಮ್ಮೂರು. ಚಳ್ಳಕೆರೆ ದಾಟಿ ಬಳ್ಳಾರಿ ಕಡೆ ಹೋಗೋ ಹೆದ್ದಾರಿಯಲ್ಲಿ ಸಿಗುತ್ತೆ. ಮಳೆ ಕಮ್ಮಿ, ಬಿಸಿಲು ಜಾಸ್ತಿ, ಹೊಲದ ತುಂಬ ಶೇಂಗಾ. ನೀರಿಗಾಗಿ ಬೋರ್ ಕೊರೆಸಿ ಕೊರೆಸಿ ಸುಸ್ತಾದ ಸೀಮೆ. ಅಂಥ ಊರಲ್ಲೂ ಫೋನುಗಳು ನೀರಿಗೆ ಬಿದ್ದೇ ಸಾಯ್ತವೆ ಅಂದ್ರೆ ನಿಮಗೆ ನಗು ಬರಬಹುದು.

ಹೋದ ದೀಪಾವಳಿ ರಜೆಯಲ್ಲಿ ಅಪ್ಪ ಕೈ ತೊಳೆಯೋಕೆ ಬಗ್ಗಿದಾಗ ಅಂಗಿ ಜೇಬಿನಿಂದ ಫೋನ್ ಜಾರಿ ಬೋರ್ ತೊಟ್ಟಿಗೆ ಬಿತ್ತು. ಅದು ಹಳೇ ಫೋನ್, ಮಾರಿದ್ರೆ ಐನೂರು ರೂಪಾಯಿನೂ ಬರಲ್ಲ. ಆದ್ರೆ ಆ ವರ್ಷದ ಶೇಂಗಾ ತೂಕದ ಚೀಟಿಗಳ ಫೋಟೊ ಎಲ್ಲ ಅದರಲ್ಲೇ ಇದ್ವು. ಯಾರಿಗೆ ಎಷ್ಟು ಮೂಟೆ, ಎಷ್ಟು ಬಾಕಿ ಅನ್ನೋ ಲೆಕ್ಕ. ಚೀಟಿಗಳು ಯಾವತ್ತೋ ಕಳೆದುಹೋಗಿದ್ವು. ಬಾಕಿ ಬಂದ್ರೇನೇ ನನ್ನ ಮುಂದಿನ ಸೆಮಿಸ್ಟರ್ ಫೀಸು.

ತಮ್ಮ ಅಕ್ಕಿ ಡಬ್ಬ ತಂದ. ಪಕ್ಕದ ಹೊಲದ ಮಾವ "ಆನ್ ಆಗುತ್ತಾ ನೋಡ್ರಪ್ಪ" ಅಂದ್ರು. ಎರಡೂ ಬೇಡ ಅಂದೆ. ಹಿಂದಿನ ಮುಚ್ಚಳ ಉಗುರಲ್ಲೇ ತೆಗೆಯೋ ಮಾಡೆಲ್ ಆಗಿದ್ದು ನಮ್ಮ ಪುಣ್ಯ. ಮೊದಲು ಬ್ಯಾಟರಿ, ಆಮೇಲೆ ಸಿಮ್ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಚಾರ್ಜಿಂಗ್ ತೂತು ಕೆಳಗೆ ಮಾಡಿ ಒರಗಿಸಿಟ್ವಿ.

ಶುದ್ಧ ನೀರಲ್ಲಿ ಕರೆಂಟು ಹೆಚ್ಚು ಹರಿಯಲ್ಲ. ಬೋರ್ ನೀರಲ್ಲಿ ಉಪ್ಪು, ಸುಣ್ಣ ಎಲ್ಲ ಕರಗಿರುತ್ತೆ. ನೀರಿನ ವಿದ್ಯುದ್ವಿಭಜನೆಗೆ ಬೇಕಾದ ಕನಿಷ್ಠ ವೋಲ್ಟೇಜು 1.23, ಫೋನ್ ಬ್ಯಾಟರಿಯಲ್ಲಿರೋದು ಸುಮಾರು 3.7. ಅಂದ್ರೆ ಬ್ಯಾಟರಿ ಒಳಗಿದ್ದಷ್ಟು ಹೊತ್ತು ಬೋರ್ಡಿನ ಮೇಲೆ ಒಂದು ಪುಟ್ಟ ಎಲೆಕ್ಟ್ರೋಪ್ಲೇಟಿಂಗ್ ನಡೀತಾನೇ ಇರುತ್ತೆ. ಒಂದು ಕಡೆ ತಾಮ್ರ ಕರಗುತ್ತೆ, ಇನ್ನೊಂದು ಕಡೆ ಕೂತು ಶಾರ್ಟ್ ಮಾಡುತ್ತೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಹತ್ತು ಮಾರ್ಕಿಗೆ ಬರೆದ ಕರೋಷನ್ ಇದೇ.

ಬೆಳಗ್ಗೆ ಮೊಬೈಲ್ ಅಂಗಡಿಗೆ ಹೋದ್ವಿ. ಅಂಗಡಿಯಣ್ಣ ಕೇಳಿದ ಮೊದಲ ಪ್ರಶ್ನೆ, "ಚಾರ್ಜಿಗೆ ಹಾಕಿದ್ರಾ?" ಇಲ್ಲ ಅಂದಿದ್ದಕ್ಕೆ "ಹಂಗಾದ್ರೆ ಉಳೀತು" ಅಂದ್ರು. ಬೋರ್ಡ್ ಬಿಚ್ಚಿ ಭೂತಗನ್ನಡಿ ಕೆಳಗೆ ತೋರಿಸಿದ್ರು. ಚಾರ್ಜಿಂಗ್ ಪಿನ್ ಸುತ್ತ ಬಿಳಿ, ಹಸಿರು ಪುಡಿ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತಾ, "ಅಕ್ಕಿಯಲ್ಲಿ ಇಟ್ರೆ ಏನಾಗುತ್ತೆ ತಮ್ಮಾ? ನೀರು ಆರುತ್ತೆ, ಉಪ್ಪು ಆರುತ್ತಾ?" ಅಂದ್ರು. ಇಡೀ ವಿಷಯ ಆ ಒಂದು ಮಾತಲ್ಲೇ ಇದೆ. ನೀರು ಅಕ್ಕಿ ಇಲ್ಲದಿದ್ರೂ ಗಾಳಿಗೆ ಆರುತ್ತೆ. ಉಳಿಯೋ ಉಪ್ಪನ್ನು ತೊಳೆದೇ ತೆಗೀಬೇಕು. ಆಲ್ಕೋಹಾಲ್ ನೀರನ್ನೂ ಎಳ್ಕೊಂಡು ಬೇಗ ಆವಿಯಾಗುತ್ತೆ. ಅಕ್ಕಿಯ ಹುಡಿ ಫೋನ್ ಒಳಗೆ ಸೇರಿ ಕೆಡಿಸಬಹುದು ಅಂತ ಆಪಲ್ ಕಂಪನಿಯೂ 2024ರಲ್ಲಿ ಹೇಳಿತ್ತು.

ಸಂಜೆಗೆ ಫೋನ್ ಆನ್ ಆಯ್ತು. ಸ್ಪೀಕರ್ ಸತ್ತಿತ್ತು, ಪರದೆಯ ಬಲಗಡೆ ಟಚ್ ಇರ್ಲಿಲ್ಲ. ಅಂಗಡಿಯಲ್ಲೇ ಕೂತು ಎಲ್ಲ ಫೋಟೊ ನನ್ನ ಫೋನಿಗೆ ಹಾಕ್ಕೊಂಡೆ. ಅಪ್ಪ ಒಂದೊಂದೇ ಚೀಟಿ ದೊಡ್ಡದು ಮಾಡಿ ನೋಡಿ, "ಮಾತು ಕೇಳಿಸದಿದ್ರೆ ಹೋಗ್ಲಿ ಬಿಡು, ಲೆಕ್ಕ ಸಿಕ್ತಲ್ಲ" ಅಂದ್ರು.

ಹಾಸ್ಟೆಲ್ಲಿನವರಿಗೆ ಒಂದು ಮಾತು. "ನಂದು ಐಪಿ68, ಏನೂ ಆಗಲ್ಲ" ಅನ್ನೋರು ಜಾಸ್ತಿ ಇದ್ದಾರೆ. ಆ ಪರೀಕ್ಷೆ ನಡೆಯೋದು ಹೊಸ ಫೋನಿನ ಮೇಲೆ, ಶುದ್ಧ ನೀರಲ್ಲಿ. ಬಕೆಟ್ಟಿನ ಸೋಪು ನೀರು, ಬಿಸಿ ಸಾಂಬಾರು ಅದರಲ್ಲಿ ಬರಲ್ಲ. ಒಮ್ಮೆ ಬಿದ್ದು ಬಿರುಕು ಬಿಟ್ಟ ಫೋನಿಗೆ ಆ ಭರವಸೆಯೂ ಇಲ್ಲ. ಬ್ಯಾಟರಿ ತೆಗೆಯೋಕೆ ಆಗದ ಫೋನಾದ್ರೆ ತಕ್ಷಣ ಸ್ವಿಚ್ ಆಫ್ ಮಾಡಿ. ಹೇರ್ ಡ್ರೈಯರ್ ಬೇಡ, ಅಲ್ಲಾಡಿಸೋದು ಬೇಡ, ಚಾರ್ಜರ್ ಅಂತೂ ಬೇಡವೇ ಬೇಡ. ಆದಷ್ಟು ಬೇಗ ಬಿಚ್ಚಿ ತೊಳೆಯೋರ ಹತ್ರ ಹೋಗಿ. ಮೆಸ್ಸಿನ ಅಕ್ಕಿ ಅನ್ನಕ್ಕೇ ಇರಲಿ.