ಆಫೀಸ್ ಲ್ಯಾಪ್‌ಟಾಪಿನಲ್ಲಿ ಬರೆದ ಕೋಡು

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡ್‌ಗೆ ತರುವುದು ಮೇಲ್ನೋಟಕ್ಕೆ ಕಂಡಷ್ಟು ಸುಲಭವಲ್ಲ. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಹಳೆಯ ಕಡತದಲ್ಲಿ ‘ನಾ’ ಮೊದಲು ಬರುತ್ತದೆ, ಅರ್ಕಾವತ್ತು ಅದರ ನಂತರ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ‘ರ್’ ಮೊದಲು ಬರಬೇಕು. ಅಂದರೆ ಅರ್ಕಾವತ್ತು ಸಿಕ್ಕಲ್ಲೆಲ್ಲ ಅದರ ಹಿಂದಿನ ಅಕ್ಷರವನ್ನು ಕಾಗುಣಿತ, ಒತ್ತಕ್ಷರ ಸಮೇತ ಗುರುತಿಸಿ, ಅದಕ್ಕೂ ಮೊದಲು ‘ರ್’ ಅನ್ನು ಕೂರಿಸಬೇಕು. ‘ಮರ್ತ್ಯ’ದಂಥ ಪದ ಸರಿಹೋದ ರಾತ್ರಿ ನನಗೆ ನಿದ್ದೆಯೇ ಬಂದಿರಲಿಲ್ಲ.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಸಣ್ಣ ಪ್ರಕಾಶನ ನಡೆಸುವ ಗೆಳೆಯನ ಪುಸ್ತಕಗಳೆಲ್ಲ ಹಳೆಯ ಪೇಜ್‌ಮೇಕರ್ ಕಡತಗಳಲ್ಲಿ ಸಿಕ್ಕಿಬಿದ್ದಿದ್ದವು. ಅವನ್ನು ಯೂನಿಕೋಡ್‌ಗೆ ತರುವ ಪರಿವರ್ತಕ ಅವನಿಗಾಗಿಯೇ ಶುರುವಾದ ಕೆಲಸ. ರಾತ್ರಿ ಊಟವಾದ ಮೇಲೆ, ಮನೆಯಲ್ಲಿ ಕೂತು ಬರೆದದ್ದು. ಆದರೆ ಬರೆದದ್ದು ಆಫೀಸಿನ ಲ್ಯಾಪ್‌ಟಾಪಿನಲ್ಲಿ. ಕೋಡಿನಲ್ಲಿ ದಾಖಲಾಗಿದ್ದ ಇಮೇಲೂ ಆಫೀಸಿನದೇ. ಕಡತ ಓದುವ ಭಾಗಕ್ಕೆ ಕಂಪನಿಯ ಲೈಬ್ರರಿಯೊಂದನ್ನು ಎತ್ತಿ ಹಾಕಿಕೊಂಡಿದ್ದೆ.

ಈ ಪರಿವರ್ತಕವನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಡುತ್ತೇನೆಂದು ಮ್ಯಾನೇಜರಿಗೆ ಸಂತೋಷದಿಂದಲೇ ಹೇಳಿದೆ. ಮರುವಾರ ಎಚ್‌ಆರ್ ಕರೆಯಿತು. ಮೇಜಿನ ಮೇಲೆ ನನ್ನ ನೇಮಕಾತಿ ಪತ್ರ ಇತ್ತು. ನೌಕರಿಯ ಅವಧಿಯಲ್ಲಿ ನಾನು ರಚಿಸುವ ಎಲ್ಲ ಕೃತಿಗಳ ಹಕ್ಕೂ ಕಂಪನಿಗೆ ಸೇರುತ್ತದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ. ಸೇರಿದ ದಿನ ಓದದೆ ಹಾಕಿದ್ದು.

ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಫ್ಟ್‌ವೇರ್ ಕೂಡ ಸಾಹಿತ್ಯ ಕೃತಿ. 17ನೇ ಕಲಮಿನ ಪ್ರಕಾರ ನೌಕರಿಯ ಕೆಲಸದ ಭಾಗವಾಗಿ ಬರೆದದ್ದಕ್ಕೆ ಮಾಲೀಕನೇ ಮೊದಲ ಹಕ್ಕುದಾರ, ಬೇರೆ ಕರಾರು ಇಲ್ಲದಿದ್ದರೆ. ಕನ್ನಡ ಪರಿವರ್ತಕ ನನ್ನ ನೌಕರಿಯ ಭಾಗವಲ್ಲ, ಹಾಗಾಗಿ ಆ ಕಲಮು ನನ್ನ ಕಡೆಗೇ ಇತ್ತು. ವಕೀಲರು ಅದನ್ನು ಒಪ್ಪಿದರು. ಆಮೇಲೆ ಸಹಿ, ಲ್ಯಾಪ್‌ಟಾಪು, ಲೈಬ್ರರಿಯ ಬಗ್ಗೆ ಒಂದೊಂದಾಗಿ ಕೇಳಿದರು. ನನ್ನ ಉತ್ತರಗಳೇ ನನ್ನ ಪಕ್ಷವನ್ನು ಕೆಡಿಸಿದವು. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2870ನೇ ಕಲಮು ನೌಕರರು ಸ್ವಂತ ಸಮಯದಲ್ಲಿ ಮಾಡಿದ ಆವಿಷ್ಕಾರಗಳನ್ನು ಇಂಥ ಷರತ್ತುಗಳಿಂದ ಕಾಪಾಡುತ್ತದೆ ಎಂದು ಆಮೇಲೆ ಓದಿದೆ. ಅಲ್ಲಿಯೂ ಕಂಪನಿಯ ಉಪಕರಣ ಬಳಸಿರಬಾರದು. ಅಲ್ಲಿದ್ದರೂ ನಾನು ಸೋಲುತ್ತಿದ್ದೆ.

ಆ ಜಿಪಿಎಲ್ ಪರವಾನಗಿಯನ್ನು ರೂಪಿಸಿದ ರಿಚರ್ಡ್ ಸ್ಟಾಲ್‌ಮನ್ 1984ರ ಜನವರಿಯಲ್ಲಿ ಎಂಐಟಿಯ ನೌಕರಿ ಬಿಟ್ಟದ್ದು, ತಾನು ಬರೆಯಲಿರುವ ಗ್ನೂ ತಂತ್ರಾಂಶದ ಮೇಲೆ ಸಂಸ್ಥೆ ಹಕ್ಕು ಸಾಧಿಸಬಾರದೆಂದು. ಜಿಪಿಎಲ್ ಪಠ್ಯದ ಕೊನೆಯಲ್ಲೇ, ನೌಕರಿಯಲ್ಲಿರುವ ಪ್ರೋಗ್ರಾಮರ್ ತನ್ನ ಮಾಲೀಕನಿಂದ ಹಕ್ಕುತ್ಯಾಗ ಪತ್ರಕ್ಕೆ ಸಹಿ ಮಾಡಿಸಿಕೊಳ್ಳಬೇಕೆಂಬ ಸೂಚನೆ ಇದೆ. ಆ ಪರವಾನಗಿಯನ್ನು ನನ್ನ ಕೋಡಿಗೆ ಅಂಟಿಸಿದ್ದೆ, ಆ ಸಾಲಿನವರೆಗೆ ಓದಿರಲಿಲ್ಲ.

ಮೊಕದ್ದಮೆ ಹೂಡುವ ಶಕ್ತಿ ನನಗಿರಲಿಲ್ಲ. ಕೆಲಸ ಬಿಟ್ಟ ದಿನ ಲ್ಯಾಪ್‌ಟಾಪ್ ಒಪ್ಪಿಸಿದೆ, ಕೋಡೂ ಅದರ ಜೊತೆ ಹೋಯಿತು. ಕಂಪನಿಗೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ. ಇವತ್ತಿಗೂ ಇದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ. ಗೆಳೆಯನ ಪುಸ್ತಕಗಳು ಮುಂದೆ ಬೇರೆಯವರು ಬರೆದ ಮುಕ್ತ ಪರಿವರ್ತಕದಿಂದ ಯೂನಿಕೋಡ್ ಕಂಡವು.

ನೀವು ನೌಕರಿಯಲ್ಲಿದ್ದುಕೊಂಡು ಸಂಜೆ ಹೊತ್ತು ಏನಾದರೂ ಕಟ್ಟುತ್ತಿದ್ದರೆ ಇವತ್ತೇ ನೇಮಕಾತಿ ಪತ್ರ ತೆಗೆದು ಓದಿ. ಸ್ವಂತದ ಯಂತ್ರ, ಸ್ವಂತದ ಇಮೇಲ್ ಬಳಸಿ. ಇಂಥ ಕೆಲಸ ಮಾಡುತ್ತಿದ್ದೇನೆ, ಇದು ನನ್ನದು ಎಂದು ಕಂಪನಿಗೆ ಬರೆದು, ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ. ಮೊದಲ ಸಾಲು ಕೋಡ್ ಅದರ ನಂತರ ಬರೆಯಿರಿ.