ದ್ವಿಜಕ್ಕೆ ಮೂರನೆಯ ಜನ್ಮವಿಲ್ಲ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರುಂಟು. ಎರಡು ಬಾರಿ ಹುಟ್ಟಿದುದು ಎಂದು ಅದರ ಅರ್ಥ. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಮತ್ತೊಮ್ಮೆ ಹುಟ್ಟುವ ಹಕ್ಕಿಗೂ ಇದೇ ಹೆಸರು. ಹಾಲುಹಲ್ಲಾಗಿ ಮೂಡಿ, ಉದುರಿ, ಆರೇಳು ವರ್ಷದ ಪ್ರಾಯದಿಂದ ಶಾಶ್ವತ ದಂತವಾಗಿ ಮರಳಿ ಮೂಡುವ ವಸ್ತುವಿಗೆ ಈ ಹೆಸರಿಟ್ಟ ಪ್ರಾಚೀನರ ಸೂಕ್ಷ್ಮದೃಷ್ಟಿಯನ್ನು ಎಷ್ಟು ಕೊಂಡಾಡಿದರೂ ಸಾಲದು. ಈ ಪದವನ್ನು ಅನೇಕ ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ. ಅದರ ಪೂರ್ಣಾರ್ಥವು ನನಗೆ ಮನದಟ್ಟಾದುದು ನನ್ನ ಮೇಲುಸಾಲಿನ ಬಾಚಿಹಲ್ಲೊಂದು ಮುರಿದಾಗ.

ಕೊಬ್ಬರಿಯ ಚೂರನ್ನು ಕಚ್ಚಿದೊಡನೆ ಹಲ್ಲಿನ ಅರ್ಧಭಾಗ ಕೈಗೆ ಬಂದಿತು. ನೋವಿಗಿಂತ ಮಿಗಿಲಾಗಿ ನನ್ನನ್ನು ಬಾಧಿಸಿದುದು ಉಚ್ಚಾರಣೆ. ತ, ಥ, ದ, ಧ, ನ, ಲ, ಸ ಇವು ದಂತ್ಯವರ್ಣಗಳು, ವಕಾರವು ದಂತೋಷ್ಠ್ಯ. ಅದರಲ್ಲಿಯೂ ಸಕಾರಕ್ಕೆ ಉಸಿರು ಬಾಚಿಹಲ್ಲುಗಳ ಅಂಚನ್ನು ಸವರಿಕೊಂಡೇ ಹೊರಬರಬೇಕು. ಅಲ್ಲಿ ಸಂದಿಯಾದರೆ ಸಕಾರದೊಡನೆ ಸೀಟಿಯೂ ಹೊರಡುತ್ತದೆ. ಸ-ಶ-ಷಗಳ ಭೇದವನ್ನು ತಿದ್ದುವುದೇ ವೃತ್ತಿಯಾದ ಪಂಡಿತನಿಗೆ ಇದಕ್ಕಿಂತ ದೊಡ್ಡ ಪೇಚು ಯಾವುದಿದ್ದೀತು? ‘ಸರಸ್ವತಿ’ ಎಂದೊಡನೆ ಹಿಂದಿನ ಸಾಲಿನ ಹುಡುಗರು ನಕ್ಕರು. ನಗುವಾಗ ಅವರಲ್ಲಿ ಹಲವರು ಅಂಗೈಯಿಂದ ಬಾಯಿ ಮುಚ್ಚಿಕೊಂಡುದನ್ನೂ ಕಂಡೆನು. ಅದು ಗುರುವಿನ ಮೇಲಣ ಗೌರವದಿಂದ ಮಾತ್ರವಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಕೋಲಾರದ ದಂತವೈದ್ಯೆಯೊಬ್ಬರಲ್ಲಿಗೆ ಹೋದೆನು. ಹಲ್ಲನ್ನು ಕೀಳದೆ ಉಳಿಸಬಹುದೆಂದರು. ಮೊದಲು ಬೇರಿನ ನಾಳವನ್ನು ಶುಚಿಗೊಳಿಸಿ ತುಂಬಿದರು. ಒಳಗೊಂದು ಚಿಕ್ಕ ಗೂಟವನ್ನು ನಿಲ್ಲಿಸಿ ಮೇಲ್ಭಾಗವನ್ನು ಕಟ್ಟಿದರು. ಸುತ್ತಲೂ ಒಂದೆರಡು ಮಿಲಿಮೀಟರಿನಷ್ಟು ಅರೆದು ಅಚ್ಚು ತೆಗೆದುಕೊಂಡರು. ಆ ಅಚ್ಚಿಗೆ ತಕ್ಕಂತೆ ಪಿಂಗಾಣಿಯ ಕವಚವನ್ನು ಮಾಡಿಸಿ ಅಂಟಿಸುವುದೇ ಉಳಿದ ಕೆಲಸ. ಜನ ಇದನ್ನು ‘ಕ್ಯಾಪ್’ ಎನ್ನುತ್ತಾರೆ. ವೈದ್ಯರು ‘ಕ್ರೌನ್’, ಎಂದರೆ ಕಿರೀಟ, ಎನ್ನುತ್ತಾರೆ. ಕಿರೀಟವನ್ನು ತೊಡಿಸುವ ಮುನ್ನ ತಲೆಯನ್ನೇ ಅರೆಯುವ ಪಟ್ಟಾಭಿಷೇಕ ಇದೊಂದೇ ಇರಬೇಕು!

ಆಗ ವೈದ್ಯೆ ಒಂದು ಪ್ರಶ್ನೆ ಕೇಳಿದರು: “ಮೇಷ್ಟ್ರೇ, ಬಿಳಿಯ ಹಲ್ಲು ಮಾಡಿಸಲೋ, ಅಕ್ಕಪಕ್ಕದ ಹಲ್ಲಿನ ಬಣ್ಣಕ್ಕೇ ಹೊಂದಿಸಲೋ?”

ನನ್ನ ಹಲ್ಲುಗಳ ಮೇಲೆ ಬಾಲ್ಯದಿಂದಲೂ ಕಂದುಪಟ್ಟೆಗಳಿವೆ. ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯ ಕೊಳವೆಬಾವಿಯ ನೀರು ಬರೆದ ಲಿಪಿ ಅದು. “ಅಮ್ಮಾ, ಇದ್ದ ಬಣ್ಣಕ್ಕೇ ಹೊಂದಿಸಿರಿ. ಒಂದು ಬೆಳ್ಳಗಾದರೆ ಉಳಿದವನ್ನೂ ಅರೆಯಬೇಕೆನಿಸುತ್ತದೆ, ಗಟ್ಟಿಯಾಗಿರುವ ಹಲ್ಲನ್ನು ಅರೆಸುವುದು ನನಗೆ ಬೇಡ” ಎಂದೆನು. ಅವರು ಮುಗುಳ್ನಕ್ಕು ಒಪ್ಪಿದರು. ಹಾಗೆ ಬಂದ ಕಿರೀಟವು ತನ್ನ ಕಂದುಗೆರೆಯೊಡನೆ ಸಾಲಿನಲ್ಲಿ ಕುಳಿತಿದೆ. ಸಕಾರವೂ ಸ್ವಸ್ಥಾನಕ್ಕೆ ಮರಳಿದೆ.

ಹುಡುಗರು ಬಾಯಿ ಮುಚ್ಚಿ ನಗುವುದಕ್ಕೂ ಈ ಕಂದುಗೆರೆಯೇ ಕಾರಣ. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆಗಾಲದ ಅತಿಥಿಗಳು. ಪೂರ್ವಿಕರು ಕೆರೆಗಳನ್ನು ಕಟ್ಟಿ ಬಾಳಿದರು. ಕೆರೆಗಳು ಸೊರಗಿದ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನ ನೀರಿಗಾಗಿ ಭೂಮಿಯನ್ನು ಕೊರೆಯುತ್ತ ಹೋದರು. ಎಷ್ಟೋ ಕೊಳವೆಬಾವಿಗಳು 1000 ಅಡಿಯನ್ನೂ ದಾಟಿವೆ. ಅಲ್ಲಿನ ಕಗ್ಗಲ್ಲಿನೊಳಗಿನ ಖನಿಜಗಳಿಂದ ಫ್ಲೋರೈಡ್ ನೀರಿಗೆ ಕರಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಹಲ್ಲಿನ ಕಲೆಗೆ ಇದೇ ಕಾರಣವೆಂದು ಅಮೆರಿಕದಲ್ಲಿ 1931ರಲ್ಲಿ ಗೊತ್ತಾಯಿತು. ನಮಗೆ ದೂರವಲ್ಲದ ನೆಲ್ಲೂರು ಜಿಲ್ಲೆಯಲ್ಲಿ ಇದರ ಬಾಧೆಯನ್ನು ವೈದ್ಯರು 1937ರಲ್ಲಿಯೇ ವರದಿ ಮಾಡಿದರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕೆಂದೂ, ಬೇರೆ ಜಲಮೂಲವಿಲ್ಲದಿದ್ದರೆ 1.5ನ್ನು ಮೀರಬಾರದೆಂದೂ ಭಾರತೀಯ ಮಾನಕವು ವಿಧಿಸಿದೆ. ಬಹುಕಾಲ ಇದಕ್ಕಿಂತ ಹೆಚ್ಚು ಸೇವಿಸಿದರೆ ಮೂಳೆಗೂ ಹಾನಿ.

ಇಲ್ಲಿಯೇ ‘ದ್ವಿಜ’ ಪದದ ಮರ್ಮವಿದೆ. ಎರಡನೆಯ ಜನ್ಮವು ಹಲ್ಲು ಮೂಡಿದ ದಿನ ಆರಂಭವಾಗುವುದಿಲ್ಲ. ಶಿಶುವಿನ ದವಡೆಯೊಳಗೆ ಬಹುಮಟ್ಟಿಗೆ ಎಂಟು ವರ್ಷದೊಳಗೆ ಅದರ ಹೊರಗವಚವು ರೂಪುಗೊಂಡಿರುತ್ತದೆ. ಆ ಅವಧಿಯಲ್ಲಿ ಕುಡಿದ ನೀರಿನ ದೋಷವೇ ಮುಂದೆ ಕಲೆಯಾಗಿ ಕಾಣುತ್ತದೆ. ಎಂಟನೆಯ ತರಗತಿಯ ಬಾಲಕನು ಎಷ್ಟು ಉಜ್ಜಿದರೂ ಅದು ಹೋಗದು; ಅದು ಕೊಳೆಯಲ್ಲ, ಅವನ ಶುಚಿತ್ವದ ಲೋಪವೂ ಅಲ್ಲ. ಆದುದರಿಂದ ಹಲ್ಲು ನೋಡಿ ಮಕ್ಕಳನ್ನು ಗದರಿಸುವುದನ್ನೂ ಹಂಗಿಸುವುದನ್ನೂ ಉಪಾಧ್ಯಾಯರಾದ ನಾವು ನಿಲ್ಲಿಸಬೇಕು.

ತಾಯಿತಂದೆಗಳಲ್ಲಿ ನನ್ನ ವಿನಂತಿ ಇಷ್ಟೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಶೋಧಿಸಿದರೂ ಹೋಗದು. ಊರಿನ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಶುದ್ಧನೀರಿನ ಘಟಕದ ನೀರನ್ನಾಗಲಿ, ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನಾಗಲಿ ಮನೆಯ ಕಿರಿಯ ಮಗುವಿಗೆ ಮೊದಲು ಕೊಡಿರಿ. ಅಡಿಗೆಗೂ ಅದನ್ನೇ ಬಳಸಿರಿ. ದೊಡ್ಡವರು ಕುಡಿದು ಮಿಕ್ಕುದು ಮಕ್ಕಳಿಗೆ ಎಂಬ ಕ್ರಮವು ಇಲ್ಲಿ ತಿರುವುಮುರುವಾಗಬೇಕು.

ವೈದ್ಯರ ಕಿರೀಟವು ಮುರಿದ ಹಲ್ಲನ್ನು ಕಾಯಬಲ್ಲುದು, ಹುಟ್ಟಿಸಲಾರದು. ಅದಕ್ಕೂ ಸವೆತವುಂಟು, ಆಯುಸ್ಸಿನ ಮಿತಿಯುಂಟು. ದ್ವಿಜಕ್ಕೆ ಮೂರನೆಯ ಜನ್ಮವಿಲ್ಲ. ಎರಡನೆಯ ಜನ್ಮಕ್ಕೆ ಒಳ್ಳೆಯ ನೀರೆರೆಯುವುದು ನಮ್ಮ ಕೈಯಲ್ಲಿದೆ. ಮುಂದಿನ ಪೀಳಿಗೆಯ ಮಕ್ಕಳು ಬಾಯಿಗೆ ಕೈ ಅಡ್ಡವಿಡದೆ ನಗಲಿ, ದಂತ್ಯಾಕ್ಷರಗಳನ್ನು ಸ್ಫುಟವಾಗಿ ನುಡಿಯಲಿ.