ಜಡೆ ಮಫ್ಲರ್ ಮತ್ತು ಕುಸಿದ ಕೇಕು

ನಮ್ಮ ಅಪ್ಪನ ಹುಟ್ಟಿದ ದಿನ ಜನವರಿ 1. ಆಧಾರ್ ಕಾರ್ಡಿನಲ್ಲಿ ಹಾಗಿದೆ. ನಿಜವಾಗಿ ಹುಟ್ಟಿದ್ದು ಮಳೆಗಾಲದಲ್ಲಂತೆ, ತಾರೀಖು ಯಾರೂ ಬರೆದಿಟ್ಟಿಲ್ಲ. ಮೂಡಿಗೆರೆ ಕಡೆಯ ನಮ್ಮ ಊರಲ್ಲಿ ಅವರ ವಯಸ್ಸಿನವರು ಬಹಳ ಜನ ಅದೇ ದಿನ ಹುಟ್ಟಿದವರು! ಇಷ್ಟು ವರ್ಷ ಆ ದಿನ ಮನೆಯಲ್ಲಿ ಏನೂ ಮಾಡಿದ್ದಿಲ್ಲ. ಈ ಸಲ ಅಮ್ಮ ಹಟ ಹಿಡಿದರು. ಮಫ್ಲರ್ ಹೆಣೆಯಬೇಕು, ಕೇಕೂ ಆಗಬೇಕು.

ಏಪ್ರಿಲ್‌ನಲ್ಲಿ ಅಮ್ಮನಿಗೆ ಸ್ಟ್ರೋಕ್ ಆಗಿತ್ತು. ಬೆಳಿಗ್ಗೆ ಕಾಫಿ ಲೋಟ ಎಡಗೈಯಿಂದ ಜಾರಿತು, ಬಾಯಿ ಒಂದು ಕಡೆ ಎಳೆಯಿತು, ಮಾತು ತೊದಲಿತು. ಗಾಳಿ ಸೋಕಿರಬೇಕು, ಮಲಗಲಿ ಅಂತ ಅಕ್ಕಪಕ್ಕದವರು ಅಂದರೂ ಅಪ್ಪ ಕೇಳಲಿಲ್ಲ. ಪಕ್ಕದ ಮನೆಯ ಜೀಪು ಹತ್ತಿಸಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಹೊತ್ತಿಗೆ ತಲುಪಿದ್ದೆವು. ಮಾತು ವಾಪಸ್ ಬಂತು. ಎಡಗೈ ಬೆರಳುಗಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಮೂರು ತಿಂಗಳು ಅಪ್ಪನೇ ಅಮ್ಮನ ತಲೆ ಬಾಚಿ ಜಡೆ ಹಾಕಿದರು. ಸೊಟ್ಟ ಜಡೆ. ಅಮ್ಮ ಒಂದು ದಿನವೂ ಕೊಂಕು ಆಡಲಿಲ್ಲ.

ಫಿಸಿಯೋಥೆರಪಿಯವರು ಹಿಸುಕಲು ಒಂದು ಮೆತ್ತನೆ ಚೆಂಡು ಕೊಟ್ಟಿದ್ದರು. 'ಇದೆಂತ ಮಕ್ಕಳಾಟ' ಅಂತ ಅಮ್ಮ ಅದನ್ನು ಮೂಲೆಗೆ ಎಸೆದರು. ಅಕ್ಟೋಬರಿನಲ್ಲಿ ತಾವೇ ಕೇಳಿದರು, 'ಟ್ರಂಕಿನಲ್ಲಿ ನನ್ನ 8 ನಂಬರ್ ಕಡ್ಡಿ ಇವೆ, ತೆಗೆ.'

ಹೆಣಿಗೆಗೆ ಎರಡು ಕೈ ಬೇಕು. ಎಡಗೈ ಕಡ್ಡಿ ಹಿಡಿದು ಕುಣಿಕೆಗಳನ್ನು ಮುಂದೆ ತಳ್ಳಬೇಕು, ಬಲಗೈ ಉಲ್ಲನ್ ಸುತ್ತಿ ಎಳೆಯಬೇಕು. ಹಾಗಾಗಿ ಈ ಬರಹದಲ್ಲಿ 'ನಾವು' ಅಂದರೆ ಅಮ್ಮನ ಬಲಗೈ ಮತ್ತು ಅವರ ಪಕ್ಕ ಕೂತ ನಮ್ಮ ಎಡಗೈ. ಅಪ್ಪ ಡೈರಿಗೆ ಹಾಲು ಹಾಕಲು ಹೋದಾಗ ಮಾತ್ರ ಹೆಣಿಗೆ. ಅವರ ಸೈಕಲ್ ಬೆಲ್ ಕೇಳಿದರೆ ಎಲ್ಲ ದಿಂಬಿನ ಕೆಳಗೆ.

ಅಮ್ಮ ಆರಿಸಿದ್ದು ಜಡೆ ಡಿಸೈನು. ಆರು ಕುಣಿಕೆಯ ಒಂದು ಜಡೆ, ಪಕ್ಕದಲ್ಲಿ ಮೂರು ಉಲ್ಟಾ. ಪ್ರತಿ 8ನೇ ಸಾಲಿಗೆ ಮೂರು ಕುಣಿಕೆಯನ್ನು ಬೇರೆ ಕಡ್ಡಿಗೆ ತೆಗೆದು ಮುಂದೆ ಇಟ್ಟುಕೊಂಡು, ಆಚೆಯ ಮೂರನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆಯಬೇಕು. ಅಷ್ಟೇ, ಜಡೆ ತಿರುಗುತ್ತದೆ. ಬೇರೆ ಕಡ್ಡಿ ಇರಲಿಲ್ಲ, ಅಮ್ಮನ ಹೇರ್‌ಪಿನ್ನೇ ಆ ಕೆಲಸ ಮಾಡಿತು. ಮೊದಲು 36 ಕುಣಿಕೆ ಹಾಕಿದೆವು. ಜಡೆ ತಿರುಗಿದಂತೆಲ್ಲ ಅಗಲವನ್ನು ಒಳಗೆ ಎಳೆದುಕೊಳ್ಳುತ್ತದೆ ಅನ್ನುವುದು ಮರೆತಿತ್ತು. ಅದು ಮಫ್ಲರ್ ಆಗದೆ ಬೆಲ್ಟಿನಂತಾಯಿತು. ಬಿಚ್ಚಿ, ಇನ್ನೊಂದು ಜಡೆ ಸೇರಿಸಿ 45 ಹಾಕಿದೆವು.

ಡಿಸೆಂಬರ್ ಎರಡನೇ ವಾರ ಇನ್ನೊಂದು ಎಡವಟ್ಟು. ತಿರುಗಿಸುವ ಸಾಲಿನಲ್ಲೇ ಡೆಸ್ಕಿನಿಂದ ಫೋನು, ಆನೆ ತೋಟಕ್ಕೆ ಬಂದ ಸುದ್ದಿ ಏನಾಯಿತು ಅಂತ. (ಸುದ್ದಿಗೆ ಇಷ್ಟು ಅಂತ ದುಡ್ಡು ಸಿಗುವವರಿಗೆ ಫೋನು ಎತ್ತದೆ ಗತಿಯಿಲ್ಲ.) ಮಾತಿನ ಮಧ್ಯೆ ಪಿನ್ನು ಮುಂದೆ ಇರುವ ಬದಲು ಹಿಂದೆ ಹೋಗಿದೆ. ಜಡೆ ಉಲ್ಟಾ ತಿರುಗಿತು. ಗೊತ್ತಾಗಿದ್ದು 16 ಸಾಲು ಆದ ಮೇಲೆ, ಅಂದರೆ ನಾಲ್ಕು ದಿನದ ಕೆಲಸ. ಯಾರಿಗೆ ಕಾಣುತ್ತದೆ ಬಿಡಿ ಅಂದೆವು.

'ಬಿಚ್ಚು ಮಗ. ನೋಡಿದವರು ಪಾಪ, ಕೈ ಸರಿ ಇಲ್ಲ ಅಂತಾರೆ. ಇದು ನನ್ನ ಕೈಯ ತಪ್ಪಲ್ಲ, ನಿನ್ನ ಫೋನಿನದು' ಅಂದರು ಅಮ್ಮ. ಬಿಚ್ಚಿದೆವು.

ಕೇಕಿನ ಕತೆ ಬೇರೆ. ಮೊದಲ ಸಲ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ವಿಷಲ್ ತೆಗೆದು, ಗ್ಯಾಸ್ಕೆಟ್ ತೆಗೆಯುವುದನ್ನು ಮರೆತೆವು. ನೀರಿಲ್ಲದ ಕುಕ್ಕರಿನಲ್ಲಿ ರಬ್ಬರು ಸುಟ್ಟು ಮನೆ ತುಂಬ ನಾತ. ನೀವೂ ಹೀಗೆ ಕೇಕ್ ಮಾಡುವವರಾದರೆ ಎರಡನ್ನೂ ತೆಗೆಯಿರಿ. ಎರಡನೇ ಸಲ ಬೇಕಿಂಗ್ ಪೌಡರ್ ಸಿಗಲಿಲ್ಲ ಅಂತ ಅಷ್ಟೇ ಅಡುಗೆ ಸೋಡಾ ಹಾಕಿದೆವು, ಮೊಸರೂ ಇಲ್ಲ ಏನೂ ಇಲ್ಲ. ಪೌಡರಿನಲ್ಲಿ ಹುಳಿ ಮೊದಲೇ ಬೆರೆತಿರುತ್ತದೆ, ಬರೀ ಸೋಡಾಕ್ಕೆ ಹುಳಿ ನಾವೇ ಕೊಡಬೇಕು. ಕೊಡದಿದ್ದರೆ ಸೋಪು ತಿಂದ ಹಾಗೆ. ನಾಯಿ ಮೂಸಿ ನೋಡಿ ಹೊರಟೇ ಹೋಯಿತು.

ಮೂರನೇ ಸಲ ಅತ್ತೆಯ ಮನೆಯಿಂದ ಕರೆಂಟಿನ ಓವನ್ ತಂದೆವು. ಕಾಫಿ ಕೊಯ್ಲಿನ ಸಮಯ, ಸಂಜೆ ಪಲ್ಪರ್‌ಗಳೆಲ್ಲ ಓಡುತ್ತವೆ. 230 ಇರಬೇಕಾದ ವೋಲ್ಟೇಜು 160ಕ್ಕೆ ಇಳಿದರೆ ಓವನ್ನಿನ ಕಾವು ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತದೆ. ಎರಡು ಗಂಟೆ ಕಾದರೂ ನಡುವೆ ಹಸಿ ಹಿಟ್ಟು. ಅದನ್ನು ಕೋಳಿಗೆ ಹಾಕಿದೆವು.

ಜನವರಿ 1ರ ಬೆಳಿಗ್ಗೆ ಮತ್ತೆ ಕುಕ್ಕರ್. ಈ ಸಲ ಎಲ್ಲ ಸರಿ ಇತ್ತು, ತಾಳ್ಮೆ ಒಂದು ಬಿಟ್ಟು. ಇಪ್ಪತ್ತು ನಿಮಿಷಕ್ಕೆ ಮುಚ್ಚಳ ತೆಗೆದು ಇಣುಕಿದೆವು. ಉಬ್ಬಿದ್ದ ಕೇಕು ಕಣ್ಣೆದುರೇ ಉಸ್ಸಂತ ಕುಸಿಯಿತು. ಆ ಗುಂಡಿಗೆ ಬಾಳೆಹಣ್ಣು, ಬೆಲ್ಲ ಕಲಸಿ ತುಂಬಿದೆವು.

ಮಫ್ಲರ್ ಮುಗಿದಿರಲಿಲ್ಲ. ಎರಡು ಅಡಿ ಚಿಲ್ಲರೆ ಆಗಿತ್ತು ಅಷ್ಟೆ. ಅಮ್ಮ ಕಡ್ಡಿ ಸಮೇತ ತಂದು ಅಪ್ಪನ ಕುತ್ತಿಗೆಗೆ ಇಟ್ಟರು. ಕಿವಿಯವರೆಗೂ ಬರಲಿಲ್ಲ. ಅಪ್ಪ ಕೇಕು ಅಗಿಯುತ್ತ ಜಡೆಗಳ ಮೇಲೆ ಬೆರಳು ಆಡಿಸಿದರು. ಬಹಳ ಹೊತ್ತು ಮಾತಾಡಲಿಲ್ಲ.

'ಎಲ್ಲಾ ಒಂದೇ ಅಳತೆ ಬಂದಿದೆಯಲ್ಲೇ' ಅಂದರು ಕೊನೆಗೆ. 'ನಾನು ಹಾಕಿದ್ದು ಒಂದು ದಿನವೂ ಹೀಗೆ ಬರಲಿಲ್ಲ.'

ಈಗ ಕದ್ದು ಹೆಣೆಯುವುದಿಲ್ಲ. ಅಪ್ಪ ಹಳೇ ಟವೆಲ್ ಸುತ್ತಿಕೊಂಡೇ ಡೈರಿಗೆ ಹೋಗಿ ಬಂದು, ಇವತ್ತು ಎಷ್ಟು ಸಾಲು ಆಯಿತು ಅಂತ ಕೇಳುತ್ತಾರೆ. ಮೊನ್ನೆ ರಾತ್ರಿ ಕಡ್ಡಿ ಹಿಡಿದ ನಮ್ಮ ಎಡಗೈಯ ಪಕ್ಕ ಅಮ್ಮನ ಹೆಬ್ಬೆರಳು ಮೆಲ್ಲಗೆ ಬಂದು ಒಂದು ಕುಣಿಕೆಯನ್ನು ತಾನೇ ಮುಂದೆ ತಳ್ಳಿತು. ಇನ್ನೊಂದನ್ನೂ ತಳ್ಳಿತು. ಮೂರನೆಯದು ಜಾರಿತು.

'ಕೈ ತೆಗಿ ಸ್ವಲ್ಪ' ಅಂದರು ಅಮ್ಮ. 'ಅಡ್ಡ ಬರ್ತಿದೆ.'